ನಮ್ಮ ಊರಿನ ಟಿವ್ಯಾಗ ಕ್ರೈಂ ಸುದ್ದಿ: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಕಲಬುರಗಿಯ ಒಂದು ಲೋಕಲ್ ಕೇಬಲ್ ಚಾನೆಲ್‌ನಾಗ ಡೆಸ್ಕ್ ಕೆಲಸ (ಬಂದ ಸುದ್ದಿ ತಿದ್ದಿ ಟಿವಿಗಿ ಬಿಡೋದು) ಮಾಡಿದ್ದಕ್ಕ ಮಂದಿ ನನ್ನ ಹಿಡ್ಕೊಂಡು ಇವೇ ಪ್ರಶ್ನೆ ಕೇಳ್ತಾರ, ಮದುವಿ ಊಟದ ಪಂಕ್ತ್ಯಾಗೂ ಕೇಳ್ತಾರ, ಜರ್ನಲಿಸಂ ಓದೋ ಹುಡುಗ್ರು ಫೋನ್ ಮಾಡಿ ಕೇಳ್ತಾರ. ಪ್ರತಿ ಸಲ ಹೇಳೋದು ಬ್ಯಾಡ ಅಂತ ಒಂದೇ ಕಡಿ ಬರದೀನಿ. ಬೀದರ್, ಯಾದಗಿರಿಯವ್ರಿಗೂ ಇದು ಹೊಂದ್ತದ, ಯಾಕಂದ್ರ ಮೂರೂ ಊರಾಗ ಕಥಿ ಒಂದೇ.

ಅತ್ಯಾಚಾರಕ್ಕ ಒಳಗಾದ ಹುಡುಗಿ ಮುಖ ಬ್ಲರ್ ಮಾಡ್ಯಾರಲ್ರಿ, ಮತ್ತೇನ್ ತಪ್ಪಾಯ್ತು?

ಬೆಂಗಳೂರಿನ ಚಾನೆಲ್‌ನವ್ರು ಮುಖ ಬ್ಲರ್ ಮಾಡಿದ್ರ ಅದಕ್ಕ ಒಂದಿಷ್ಟು ಅರ್ಥ ಅದ, ನೋಡೋರು ಮೈಸೂರಾಗ ಕೂತಿರ್ತಾರ, ಮಂಗಳೂರಾಗ ಕೂತಿರ್ತಾರ, ಅವ್ರಿಗಿ ಈ ಹುಡುಗಿ ಯಾರು ಅಂತ ಗೊತ್ತಾಗಂಗಿಲ್ಲ. ಲೋಕಲ್ ಚಾನೆಲ್ ನೋಡೋರು ಅದೇ ಓಣಿ ಮಂದಿ. ನೀವು ಮುಖ ಮುಚ್ಚಿ ಮನಿ ಗೇಟ್ ತೋರಿಸಿದ್ರಿ, ಗೇಟಿನ ಬಾಜೂಕಿನ ಅಂಗಡಿ ಬೋರ್ಡ್ ತೋರಿಸಿದ್ರಿ, ಅವರಪ್ಪನ ಟಂಟಂ ನಿಂತಿದ್ದು ತೋರಿಸಿದ್ರಿ, ಅವ್ವ ಅಳೋ ದನಿ ಹಂಗೇ ಬಿಟ್ರಿ, ಇನ್ನ ಮುಚ್ಚಿದ್ದೇನು ಉಳೀತು ಹೇಳ್ರಿ.

ಹಳ್ಳಿ, ತಾಂಡಾ ಆದ್ರ ಇನ್ನೂ ಕಷ್ಟ. ಚಿಂಚೋಳಿ ಕಡಿ ಒಂದು ತಾಂಡಾ ಅಂದ್ಕೊಳ್ರಿ, ಐವತ್ತರವತ್ತು ಮನಿ ಇರ್ತಾವ. "ಹತ್ತನೇ ಕ್ಲಾಸ್ ಓದುತ್ತಿದ್ದ ಬಾಲಕಿ" ಅಂತ ತಾಂಡಾದ ಹೆಸರು ಹಾಕಿ ಸ್ಕ್ರೋಲ್ (ಟಿವಿ ಕೆಳಗ ಓಡೋ ಸಾಲು) ಬಿಟ್ರ ಅಲ್ಲಿ ಹತ್ತನೇ ಕ್ಲಾಸ್ ಓದೋ ಹುಡುಗ್ಯಾರು ಎಷ್ಟು ಮಂದಿ ಇರ್ತಾರ? ಇಬ್ರು ಇಲ್ಲಾ ಮೂವರು. ಒಬ್ಬಾಕಿ ಹೆಸರು ನೀವು ಹೇಳಿಲ್ಲ ಖರೆ, ಆದ್ರ ಮೂರು ಹುಡುಗ್ಯಾರನ್ನ ಊರ ಬಾಯಿಗಿ ಹಾಕಿದಂಗಾಯ್ತು, ಅದ್ರಾಗ ಇಬ್ರಿಗಿ ಸುದ್ದೀಗಿ ಸಂಬಂಧನೇ ಇಲ್ಲ.

ಡೆಸ್ಕ್‌ನಾಗ ನಾ ಹೊಸ ಹುಡುಗ್ರಿಗಿ ಕೇಳ್ತಿದ್ದ ಪ್ರಶ್ನೆ ಒಂದೇ, ಈ ಸುದ್ದಿ ಆ ಓಣಿ ಕಿರಾಣಿ ಅಂಗಡಿಯಂವ ನೋಡಿದ್ರ ಯಾರು ಅಂತ ಹೇಳ್ತಾನೋ ಇಲ್ಲೋ? ಹೇಳ್ತಾನ ಅಂದ್ರ ಬ್ಲರ್ ಆಗಿಲ್ಲ, ವಾಪಸ್ ಎಡಿಟಿಂಗ್‌ಗಿ ಒಯ್ರಿ.

ಇದು ನಿಮ್ಮ ಮನಸ್ಸಿನ ಮಾತೋ, ಕಾನೂನಾಗೂ ಅದನೋ?

ಅದ. ಅದೂ ಭಾಳ ಬಿಗಿ ಅದ. ಅತ್ಯಾಚಾರಕ್ಕ ಒಳಗಾದವ್ರ ಗುರುತು ಹೊರಗ ಹಾಕಿದ್ರ ಮೊದ್ಲು ಐಪಿಸಿ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಬಂದದ, ಎರಡು ವರ್ಷದ ತನಕ ಜೈಲು ಮತ್ತ ದಂಡ. ಮಕ್ಕಳ ವಿಷಯಕ್ಕ 2012ರ ಪೋಕ್ಸೋ (ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ) ಕಾಯ್ದೆಯ 23ನೇ ಸೆಕ್ಷನ್ ಓದ್ರಿ, ಹೆಸರು, ಫೋಟೋ, ವಿಳಾಸ ಅಷ್ಟೇ ಅಲ್ಲ, ಮನಿಯವ್ರ ವಿವರ, ಸಾಲಿ ಹೆಸರು, ನೆರೆಹೊರೆ, ಇದ್ಯಾವುದೂ ಹೇಳಂಗಿಲ್ಲ ಅಂತ ಬಿಡಿಸಿ ಬರದಾರ. ನೆರೆಹೊರೆ ಅಂದ್ರ ಏನು, ಅದೇ ಓಣಿ! ಶಿಕ್ಷೆ ಆರು ತಿಂಗಳಿಂದ ಒಂದು ವರ್ಷದ ತನಕ, ಇಲ್ಲಾ ದಂಡ, ಇಲ್ಲಾ ಎರಡೂ. ಮತ್ತ ಅದ್ರಾಗ ಚಾನೆಲ್ ಮಾಲಕರೂ ಜವಾಬ್ದಾರ್ರು, "ನಮ್ ಹುಡುಗ ಕಳಿಸಿದ, ನಾವು ನೋಡಿಲ್ಲ" ಅನ್ನೋದು ನಡ್ಯಂಗಿಲ್ಲ.

2018ರ ಡಿಸೆಂಬರ್‌ನಾಗ ನಿಪುಣ್ ಸಕ್ಸೇನಾ ಕೇಸಿನಾಗ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಹೇಳ್ಯದ, ಹೆಸರು ಹಾಕದಿದ್ರೂ ದೂರದಿಂದ ಸುಳಿವು ಹಿಡ್ದು ಗುರುತು ಹಚ್ಚೋ ಹಂಗಿದ್ರ ಅದೂ ತಪ್ಪೇ ಅಂತ.

ಹುಡುಗಿ ತೀರಿಹೋಗ್ಯಾಳ, ಅವರಪ್ಪ ಅವ್ವನೇ ಹೆಸರು ಹೇಳ್ಲಾಕತ್ತಾರ, ಫೋಟೋ ಹಿಡ್ಕೊಂಡು ನಿಂತಾರ. ಆವಾಗೂ ಹಾಕಬಾರ್ದಾ?

ಹಾಕಬಾರ್ದು. ಇದನ್ನ ಕೇಳಿದ್ರ ಭಾಳ ಮಂದಿಗಿ ಆಶ್ಚರ್ಯ ಆಗ್ತದ, ಆದ್ರ ಅದೇ ತೀರ್ಪಿನಾಗ ಸತ್ತವ್ರಿಗೂ ಮರ್ಯಾದಿ ಅದ ಅಂತ ಹೇಳ್ಯಾರ. ಬದುಕಿರೋ ವಯಸ್ಕ ಹೆಣ್ಮಗಳು ತಾನಾಗೇ ಬರವಣಿಗ್ಯಾಗ ಒಪ್ಪಿದ್ರ ಮಾತು ಬ್ಯಾರೆ. ತೀರಿಹೋದಾಗ, ಹೋರಾಟಕ್ಕ ಹೆಸರು ಬೇಕೇ ಬೇಕು ಅಂತ ಮನಿಯವ್ರಿಗಿ ಅನಿಸಿದ್ರ ಸೆಷನ್ಸ್ ಜಡ್ಜ್ ಹಂತ್ಯಾಕ ಹೋಗಿ ಕೇಳ್ಬೇಕು, ರಿಪೋರ್ಟರ್ ಮೈಕಿಗಿ ಹೇಳಿದ್ದು ಪರ್ಮಿಷನ್ ಅಲ್ಲ. ಜಗತ್ ಸರ್ಕಲ್‌ನಾಗ ಮೇಣದಬತ್ತಿ ಮೆರವಣಿಗಿ ಆಗ್ತದ, ಬ್ಯಾನರಿನ್ಯಾಗ ಫೋಟೋ ಇರ್ತದ, ಕ್ಯಾಮೆರಾದವ ಅದನ್ನೇ ಜೂಮ್ ಮಾಡ್ತಾನ. ಮೆರವಣಿಗಿ ತೋರಿಸ್ರಿ, ಬ್ಯಾನರ್ ಬಿಡ್ರಿ, ಅಷ್ಟು ಸುಲಭ ಅದ ಇದು.

ಆರೋಪಿ ಮುಖ ಯಾಕ ಮುಚ್ಚಬೇಕು? ಅವ ಏನ್ ದೊಡ್ಡ ಮನಷ್ಯಾನ?

ಈ ಪ್ರಶ್ನೆ ಸಿಟ್ಟಿನಾಗ ಕೇಳ್ತಾರ, ಸಿಟ್ಟು ನನಗೂ ಅರ್ಥ ಆಗ್ತದ. ಆದ್ರ ಮುಖ ಮುಚ್ಚೋದು ಆರೋಪಿ ಮರ್ಯಾದಿಗಿ ಅಂತ ತಿಳ್ಕೊಂಡಾರ, ಭಾಳ ಸಲ ಅದು ಕೇಸ್ ಉಳಿಸ್ಲಾಕ. ದರೋಡಿ ಆಯ್ತು, ನೋಡಿದವ್ರು ಇಬ್ರು ಅದಾರ, ಅವ್ರಿಗಿ ಆಮ್ಯಾಲ ಗುರುತು ಪತ್ತೆ ಪರೇಡ್ ಮಾಡಿಸ್ತಾರ, ಸಾಲಾಗಿ ನಿಲ್ಲಿಸಿ ಇವ್ರಾಗ ಯಾರು ಅಂತ ಕೇಳ್ತಾರ. ಅಷ್ಟೊತ್ತಿಗಾಗ್ಲೇ ಆ ಮುಖ ದಿನಕ್ಕ ಹತ್ತು ಸಲ ಟಿವ್ಯಾಗ ಬಂದಿದ್ರ ಡಿಫೆನ್ಸ್ ವಕೀಲ ಎದ್ದು ನಿಂತು "ಸ್ವಾಮಿ, ಸಾಕ್ಷಿ ಗುರುತು ಹಿಡ್ದಿದ್ದು ರಸ್ತ್ಯಾಗ ನೋಡಿದ ಮನಷ್ಯಾನ್ನಲ್ಲ, ಟಿವ್ಯಾಗ ನೋಡಿದ ಮನಷ್ಯಾನ್ನ" ಅಂತಾನ. ಮುಗೀತು. ನಿಮ್ ಎಕ್ಸ್‌ಕ್ಲೂಸಿವ್ ಅವನಿಗೇ ಅನುಕೂಲ ಆಯ್ತು.

ಇನ್ನೊಂದು, ಅವನ ಮನಿಯವ್ರು. ಆರೋಪಿ ತಂಗಿ ಸೇಡಂ ರೋಡಿನ ಕಾಲೇಜಿಗಿ ಹೋಗ್ತಾಳ ಅಂತ ಇಟ್ಕೊಳ್ರಿ, ಆಕಿ ಏನ್ ಮಾಡ್ಯಾಳ? ಮನಿ ಮುಂದ ಕ್ಯಾಮೆರಾ ಇಟ್ಟು "ಇದೇ ನೋಡಿ ಆ ಪಾಪಿಯ ಮನೆ" ಅಂತ ಪಿಟಿಸಿ (ಕ್ಯಾಮೆರಾ ನೋಡಿ ಹೇಳೋ ಮಾತು) ಕೊಡೋರಿಗಿ ಆ ಮನ್ಯಾಗ ಇನ್ನೂ ಐದಾರು ಜೀವ ಅದಾವ ಅನ್ನೋದು ಕಾಣಂಗಿಲ್ಲ.

ಹದಿನೆಂಟಕ್ಕಿಂತ ಕಡಿಮಿ ವಯಸ್ಸಿನವ ಆರೋಪಿ ಆದ್ರ ಪ್ರಶ್ನೆನೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆ 74ನೇ ಸೆಕ್ಷನ್, ಗುರುತು ಹಾಕಿದ್ರ ಆರು ತಿಂಗಳ ತನಕ ಜೈಲು ಇಲ್ಲಾ 2 ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಪೊಲೀಸರೇ ಪ್ರೆಸ್‌ಮೀಟ್ ಮಾಡಿ "ತಪ್ಪು ಒಪ್ಕೊಂಡಾನ" ಅಂತ ಹೇಳ್ಯಾರ, ನಾವ್ ಹಾಕಿದ್ರ ಏನಾಯ್ತು?

ಪೊಲೀಸರ ಮುಂದ ಒಪ್ಕೊಂಡಿದ್ದು ಕೋರ್ಟ್‌ನಾಗ ಆರೋಪಿ ವಿರುದ್ಧ ಸಾಕ್ಷಿ ಆಗಂಗಿಲ್ಲ. ಹಳೇ ಸಾಕ್ಷ್ಯ ಕಾಯ್ದ್ಯಾಗ 25ನೇ ಸೆಕ್ಷನ್ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಾಗ 23. ಬ್ರಿಟಿಷರ ಕಾಲದಾಗೇ ಪೊಲೀಸರು ಹೊಡ್ದು ಒಪ್ಪಿಸ್ತಾರ ಅಂತ ಗೊತ್ತಿತ್ತು, ಅದಕ್ಕೇ ಆ ಸೆಕ್ಷನ್ ಹಾಕ್ಯಾರ. ಜಡ್ಜ್ ನಂಬದ ಮಾತನ್ನ ನೀವು ರಾತ್ರಿ ಒಂಬತ್ತರ ಬುಲೆಟಿನ್‌ನಾಗ ಮ್ಯೂಸಿಕ್ ಹಾಕಿ ಹೇಳ್ತೀರಿ.

ಪೊಲೀಸರು ಹೇಳಿದ್ದನ್ನ ಹಾಕ್ರಿ, ಆದ್ರ "ಪೊಲೀಸರು ಹೇಳ್ತಾರ" ಅನ್ನೋದು ಪ್ರತಿ ಸಲ ಇರ್ಲಿ. ಕಲಬುರಗಿಗಿ 2019ರಾಗ ಕಮಿಷನರೇಟ್ ಬಂದ ಮ್ಯಾಲ ಪ್ರೆಸ್‌ಮೀಟ್ ಜಾಸ್ತಿನೇ ಆಗ್ಯಾವ, ಟೇಬಲ್ ಮ್ಯಾಗ ಬಂಗಾರ, ತಲವಾರ್, ಮೊಬೈಲ್ ಜೋಡಿಸಿಟ್ಟಿರ್ತಾರ, ಹಿಂದ ಮುಸುಗು ಹಾಕಿದ ಹುಡುಗ್ರು. ಅಲ್ಲಿ ಕೂತು ಒಂದು ಪ್ರಶ್ನೆ ಕೇಳೋ ರಿಪೋರ್ಟರ್ ಕಡಿಮಿ, ಎಲ್ರಿಗೂ ವಿಷುವಲ್ಸ್ ಬೇಕು. ಹಿಡ್ದಿದ್ದು ಯಾವತ್ತು, ಕೋರ್ಟಿಗಿ ಹಾಜರು ಮಾಡಿದ್ದು ಯಾವತ್ತು, ಇಷ್ಟು ಕೇಳಿದ್ರೂ ಭಾಳ ಆಗ್ತದ, ಹಿಡ್ದ ಇಪ್ಪತ್ನಾಕು ತಾಸಿನಾಗ ಜಡ್ಜ್ ಮುಂದ ತರಬೇಕು ಅನ್ನೋ ಲೆಕ್ಕ ಅದ್ರಾಗೇ ಹೊರಗ ಬರ್ತದ.

ಪೊಲೀಸರು ಮೀಡಿಯಾಕ್ಕ ಏನ್ ಹೇಳ್ಬೇಕು ಏನ್ ಹೇಳ್ಬಾರ್ದು ಅಂತ ಮೂರು ತಿಂಗಳೊಳಗ ಕೈಪಿಡಿ ಮಾಡ್ರಿ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಾಗ ಕೇಂದ್ರದ ಗೃಹ ಸಚಿವಾಲಯಕ್ಕ ಹೇಳಿತ್ತು. ಅರ್ಧಮರ್ಧ ಹೇಳಿ ಮೀಡಿಯಾ ಟ್ರಯಲ್‌ಗಿ ದಾರಿ ಮಾಡಬ್ಯಾಡ್ರಿ ಅನ್ನೋದೇ ಅದರ ಅರ್ಥ.

ಶವಾಗಾರದ ಮುಂದ ಅಳೋರ ಬೈಟ್ (ಮೈಕಿಗಿ ಹೇಳೋ ಮಾತು) ತಗೋಳೋದು ತಪ್ಪಾ? ಅವರೇ ಮಾತಾಡ್ತಾರಲ್ಲ?

ಮಾತಾಡ್ತಾರ, ಯಾಕಂದ್ರ ಆ ಹೊತ್ತಿನ್ಯಾಗ ಯಾರ ಏನ್ ಕೇಳಿದ್ರೂ ಮಾತಾಡ್ತಾರ. ಗಂಡ ಸತ್ತು ಎರಡು ತಾಸು ಆಗಿರ್ತದ, ಆಕಿಗಿ ಮುಂದ ನಿಂತವ ಪೊಲೀಸನೋ, ಡಾಕ್ಟ್ರೋ, ಚಾನೆಲ್‌ನವನೋ ಗೊತ್ತಿರಂಗಿಲ್ಲ. "ಏನವ್ವಾ, ಯಾರ ಮ್ಯಾಲ ಡೌಟ್ ಅದ?" ಅಂತ ಕೇಳ್ತಾನ, ಆಕಿ ಮೈದುನನ ಹೆಸರು ಹೇಳ್ತಾಳ, ಹೊಲದ ಜಗಳ ಇತ್ತು ಅಂತಾಳ. ಸಂಜೀಕ ಟಿವ್ಯಾಗ ಬರ್ತದ. ನಾಳಿ ಮೈದುನ ಅಲ್ಲ ಅಂತ ಗೊತ್ತಾದ್ರೂ ಆಕಿ ಅದೇ ಮನ್ಯಾಗ, ಅದೇ ಅತ್ತಿ ಕೈಯಾಗ ಬಾಳ್ವಿ ಮಾಡ್ಬೇಕು. ಮೈಕ್ ಹಿಡ್ದವ ಅಷ್ಟೊತ್ತಿಗಿ ಮತ್ತೊಂದು ಸುದ್ದೀಗಿ ಹೋಗಿರ್ತಾನ.

ನನ್ನ ಅಭಿಪ್ರಾಯ ಕೇಳಿದ್ರ, ಸಾವಿನ ದಿನ ಹೆಂಡ್ತಿ, ಅವ್ವ, ಮಕ್ಕಳ ಬೈಟ್ ಬ್ಯಾಡವೇ ಬ್ಯಾಡ. ಮನಿಯವ್ರ ಕಡಿಂದ ಸಮಾಧಾನದಾಗಿರೋ ಒಬ್ಬ ಕಾಕಾನೋ ಮಾಮಾನೋ ಇರ್ತಾನ, ಅವನ್ನ ಕೇಳ್ರಿ, ಮೊದ್ಲು ಚಾನೆಲ್ ಹೆಸರು ಹೇಳ್ರಿ, ಇದು ಟಿವ್ಯಾಗ ಬರ್ತದ ಅಂತ ಹೇಳ್ರಿ, ಆಮ್ಯಾಲ ರೆಕಾರ್ಡ್ ಒತ್ರಿ. ಸಣ್ಣ ಮಕ್ಕಳಿಗಿ "ಅಪ್ಪನ್ನ ಯಾರು ಹೊಡದ್ರು ಪುಟ್ಟಾ" ಅಂತ ಕೇಳಿದ್ದನ್ನ ನಾ ಕಣ್ಣಾರೆ ನೋಡೀನಿ, ಅದಕ್ಕ ಯಾವ ಸಮಜಾಯಿಷಿನೂ ಇಲ್ಲ.

"ಭೀಮಾ ತೀರದ ಹಂತಕ" ಅಂತ ಹೆಡ್‌ಲೈನ್ ಹಾಕೋದ್ರಾಗ ಏನ್ ತೊಂದ್ರಿ?

ಈ ಪ್ರಶ್ನೆ ಬರ್ಲಿ ಅಂತ್ಲೇ ಕಾಯ್ತಿದ್ದೆ. ಅಫಜಲಪುರ, ಆಲಮೇಲ, ಇಂಡಿ ಕಡಿ ಹಳೇ ದ್ವೇಷದ ಖೂನಿಗಳು ಆಗ್ಯಾವ, ಸುಳ್ಳಲ್ಲ, ಗ್ಯಾಂಗ್ ಇದ್ದದ್ದೂ ಖರೆ. ಆದ್ರ ಈಗ ಹೆಂಗಾಗ್ಯದ ಅಂದ್ರ ಆ ಕಡಿಯವ ಸಣ್ಣ ಜಗಳ್ದಾಗ ಸಿಕ್ರೂ "ಭೀಮಾ ತೀರದಲ್ಲಿ ಮತ್ತೆ ಹರಿದ ನೆತ್ತರು", ಬೆಂಗಳೂರಿನ ಡೆಸ್ಕ್‌ನವ್ರು ಇಲ್ಲಿಂದ ಸುದ್ದಿ ಹೋದ್ರ ಮೊದ್ಲು ಕೇಳೋದೇ "ಭೀಮಾ ತೀರ ಬರುತ್ತಾ ಸಾರ್?" ಅಂತ. ಊರು ನದಿಯಿಂದ ನಲವತ್ತು ಕಿಲೋಮೀಟರ್ ಇದ್ರೂ ಎಳ್ದು ತೀರಕ್ಕ ಹಚ್ತಾರ!

ಅದೇ ಭೀಮಾ ದಂಡೆ ಮ್ಯಾಲ ಗಾಣಗಾಪುರ ಅದ, ಮಹಾರಾಷ್ಟ್ರದಿಂದ ದತ್ತಾತ್ರೇಯನ ದರ್ಶನಕ್ಕ ಮಂದಿ ಬರ್ತಾರ. ಅದೇ ದಂಡೆ ಮ್ಯಾಲ ಸನ್ನತಿ ಅದ, ಅಶೋಕನ ಶಾಸನ ಸಿಕ್ಕಿದ ಜಾಗ. ತೊಗರಿ ಬೆಳ್ಯೋ ರೈತರು ಅದಾರ. ಆ ಹಳ್ಳಿ ಹುಡುಗ ಬೆಂಗಳೂರಾಗ ರೂಮ್ ಬಾಡಿಗಿಗಿ ಕೇಳ್ಲಾಕ ಹೋದ್ರ "ಓ, ಭೀಮಾ ತೀರನಾ" ಅಂತ ನಗ್ತಾರ, ಕೆಲವ್ರು ನಗಂಗೂ ಇಲ್ಲ, ರೂಮ್ ಖಾಲಿ ಇಲ್ಲ ಅಂತಾರ. ಹೆಡ್‌ಲೈನ್ ಬರದವ್ರಿಗಿ ಇದು ಅಪರಾಧ ಸುದ್ದಿ, ಇವರಿಗಿ ಅಡ್ರೆಸ್ ಪ್ರೂಫ್.

ಗ್ಯಾಂಗ್ ಬಗ್ಗೆ ಸುದ್ದಿ ಮಾಡ್ಬೇಕಂದ್ರ ಪೂರಾ ಮಾಡ್ರಿ. ನಾಡಪಿಸ್ತೂಲು ಎಲ್ಲಿಂದ ಬರ್ತಾವ, ಮರಳು ದಂಧಿ ಯಾರ ಕೈಯಾಗದ, ಸಾಕ್ಷಿ ಯಾಕ ಉಲ್ಟಾ ಹೊಡೀತಾರ, ಇವನ್ನ ಹುಡ್ಕ್ರಿ. ಅದು ಕಷ್ಟ, ರಿಸ್ಕ್ ಅದ, ಅದಕ್ಕೇ ಮಂದಿ ಬರೇ ಹೆಸರು ಇಟ್ಟು ಬಿಡ್ತಾರ.

ಆರೋಪಿ ಜಾತಿ, ಧರ್ಮ ಹೇಳ್ಬೇಕಾ?

ಸುದ್ದಿಗಿ ಅದು ಕಾರಣ ಆಗಿದ್ರ ಹೇಳ್ಬೇಕು. ದಲಿತ ಹುಡುಗ ಹೋಟೆಲ್ ಒಳಗ ಬಂದ ಅಂತ ಹೊಡದ್ರ ಅಲ್ಲಿ ಜಾತಿ ಹೇಳದೆ "ಎರಡು ಗುಂಪಿನ ನಡುವೆ ಗಲಾಟೆ" ಅಂದ್ರ ಅದೇ ದೊಡ್ಡ ಸುಳ್ಳು, 1989ರ ದೌರ್ಜನ್ಯ ತಡೆ ಕಾಯ್ದೆ ಇರೋದೇ ಅದಕ್ಕ. ಬೈಕ್ ಕಳ್ಳತನಕ್ಕ ಜಾತಿ ಯಾಕ? ನಮ್ ಕಡಿ ಕೆಲವು ಅಲೆಮಾರಿ ಸಮುದಾಯದವ್ರ ಹೆಸರು ಕೇಳಿದ್ರೇ ಕಳ್ಳರು ಅನ್ನೋ ರೂಢಿ ಇನ್ನೂ ಅದ, ಬ್ರಿಟಿಷರು 1871ರಾಗ ಮಾಡಿದ ಅಪರಾಧಿ ಬುಡಕಟ್ಟು ಕಾಯ್ದೆ 1952ರಾಗೇ ಹೋಯ್ತು, ಸ್ಕ್ರೋಲ್‌ನಾಗ ಮಾತ್ರ ಇನ್ನೂ ಉಳ್ದದ.

ವಾಟ್ಸಾಪ್‌ನಾಗ ಬಂದ ವಿಡಿಯೋ ಎಲ್ರ ಮೊಬೈಲ್‌ನಾಗೂ ಅದ, ನಾವ್ ಹಾಕದಿದ್ರ ಏನ್ ಉಪಯೋಗ?

ಬೀದರ್‌ನವ್ರು ಈ ಪ್ರಶ್ನೆ ಕೇಳಬಾರ್ದು. 2018ರ ಜುಲೈ, ಔರಾದ್ ತಾಲೂಕಿನ ಮುರ್ಕಿ, ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸಾಪ್‌ನಾಗ ಹಬ್ಬಿ, ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹುಡುಗನ್ನ ಮಂದಿ ಹೊಡ್ದು ಕೊಂದ್ರು. ಆ ಹುಡುಗ, ಅವನ ಗೆಳೆಯರು ಮಾಡಿದ್ದು ಸಾಲಿ ಮಕ್ಕಳಿಗಿ ಚಾಕಲೇಟ್ ಕೊಟ್ಟಿದ್ದು. ಮಕ್ಕಳ ಕಳ್ಳರ ವಿಡಿಯೋ ಬಂದ್ರ ಚಾನೆಲ್ ಕೆಲಸ ಅದನ್ನ ಠಾಣಾಕ್ಕ ಫೋನ್ ಮಾಡಿ ಕೇಳೋದು, ಸುಳ್ಳು ಅಂತ ಗೊತ್ತಾದ್ರ ಸುಳ್ಳು ಅಂತ ಹೇಳೋದು. "ವೈರಲ್ ವಿಡಿಯೋ ಸತ್ಯನಾ?" ಅಂತ ಪ್ರಶ್ನೆ ಚಿಹ್ನೆ ಹಾಕಿ ಮೂರು ದಿನ ಓಡಿಸೋದು ಅಲ್ಲ, ಪ್ರಶ್ನೆ ಚಿಹ್ನೆ ಓದೋರು ಯಾರೂ ಇಲ್ಲ.

ಇನ್ನ ಖರೆ ವಿಡಿಯೋ. 2025ರ ಜನವರಿ 16ಕ್ಕ ಬೀದರ್‌ನಾಗ ಹಾಡಹಗಲ ಎಟಿಎಂ ಹಣದ ಗಾಡಿ ಮ್ಯಾಲ ಗುಂಡು ಹಾರಿಸಿ ಲೂಟಿ ಮಾಡಿದ್ರಲ್ಲ, ಮಂದಿ ಮೊಬೈಲ್‌ನಾಗ ತೆಗ್ದ ದೃಶ್ಯ ರಾಜ್ಯ ತುಂಬಾ ಓಡಿತು. ಬೈಕ್ ಮ್ಯಾಲ ಓಡಿಹೋಗೋರನ್ನ ತೋರಿಸೋದಕ್ಕ ಕಾರಣ ಅದ, ಯಾರಾದ್ರೂ ನೋಡಿ ಪೊಲೀಸರಿಗಿ ಹೇಳಬಹುದು. ನೆಲಕ್ಕ ಬಿದ್ದ ಮನಷ್ಯಾನ್ನ ತಿರುಗಿ ತಿರುಗಿ ತೋರಿಸೋದಕ್ಕ ಏನ್ ಕಾರಣ? ಅವನ ಮನಿಯವ್ರೂ ಟಿವಿ ನೋಡ್ತಾರ್ರೀ. ಮತ್ತ ಸಾವಿನ ಸುದ್ದಿ ಮನೀಗಿ ಮುಟ್ಟೋದಕ್ಕಿಂತ ಮೊದ್ಲು ಹೆಸರು ಹಾಕೋದು, ಅದು ನಮ್ಮಂಥ ಊರಾಗ ದಿನಾ ಆಗೋ ಅನ್ಯಾಯ, ಹೈವೇ ಆಕ್ಸಿಡೆಂಟ್ ಸುದ್ದ್ಯಾಗ ಗಾಡಿ ನಂಬರ್ ಪ್ಲೇಟ್ ನೋಡಿ ಎದಿ ಒಡ್ಕೊಂಡವ್ರು ಅದಾರ.

ಆತ್ಮಹತ್ಯೆ ಸುದ್ದಿ?

ಹೆಂಗ ಮಾಡ್ಕೊಂಡ್ರು ಅನ್ನೋ ವಿವರ ಬ್ಯಾಡ, ಚೀಟಿ ಓದಬ್ಯಾಡ್ರಿ, ಫೋಟೋ ಬ್ಯಾಡ, "ಪರೀಕ್ಷೆಯಲ್ಲಿ ಫೇಲ್ ಆಗಿದ್ದಕ್ಕೆ" ಅಂತ ಒಂದೇ ಕಾರಣ ಕಟ್ಟಬ್ಯಾಡ್ರಿ. ರೈತರದಾದ್ರ ಸಾಲ, ಬೆಳಿ ವಿಮಾ, ತೊಗರಿ ರೇಟು ಇದ್ರ ಬಗ್ಗೆ ಸುದ್ದಿ ಮಾಡ್ರಿ, ಹೊಲದಾಗಿನ ಗಿಡ ತೋರಿಸಬ್ಯಾಡ್ರಿ. ಸ್ಕ್ರೀನ್ ಮ್ಯಾಗ ಟೆಲಿ ಮಾನಸ್ ನಂಬರ್ 14416 ಹಾಕ್ರಿ, ಫ್ರೀ ಅದ, ಕನ್ನಡದಾಗೂ ಮಾತಾಡ್ತಾರ.

ಆಮ್ಯಾಲ ಕೇಸ್ ಬಿದ್ದುಹೋದ್ರ, ಖುಲಾಸೆ ಆದ್ರ, ಚಾನೆಲ್‌ನವ್ರು ಏನ್ ಮಾಡ್ಬೇಕು?

ಬೀದರ್‌ನ ಸಾಲಿ ನಾಟಕದ ಕೇಸ್ ನೆನಪು ಮಾಡ್ಕೊಳ್ರಿ. 2020ರ ಜನವರಿ, ಪೌರತ್ವ ಕಾಯ್ದೆ ಬಗ್ಗೆ ಮಕ್ಕಳು ನಾಟಕ ಮಾಡಿದ್ರು ಅಂತ ದೇಶದ್ರೋಹದ ಕೇಸ್ ಬಿತ್ತು, ಮುಖ್ಯ ಶಿಕ್ಷಕಿ ಮತ್ತ ಒಬ್ಬ ಹುಡುಗಿಯ ತಾಯಿ ಜೈಲಿಗಿ ಹೋದ್ರು, ಯೂನಿಫಾರ್ಮ್ ಹಾಕ್ಕೊಂಡ ಪೊಲೀಸರು ಸಣ್ಣ ಮಕ್ಕಳನ್ನ ಕೂಡ್ಸಿ ವಿಚಾರಣಿ ಮಾಡೋ ಚಿತ್ರ ದೇಶ ತುಂಬಾ ಬಂತು. 2023ರ ಜೂನ್‌ನಾಗ ಹೈಕೋರ್ಟಿನ ಕಲಬುರಗಿ ಪೀಠ ಆ ಕೇಸ್ ರದ್ದು ಮಾಡ್ತು. ಅರೆಸ್ಟ್ ಆದ ದಿನ ಎಷ್ಟೊತ್ತು ತೋರಿಸಿದ್ರು, ರದ್ದಾದ ದಿನ ಎಷ್ಟೊತ್ತು ತೋರಿಸಿದ್ರು, ನೀವೇ ಲೆಕ್ಕ ಹಾಕ್ರಿ.

ನಿಯಮ ಸರಳ ಇರ್ಬೇಕು. ಹೆಸರು ಹಾಕಿ ಬಂಧನ ತೋರಿಸಿದ್ರ, ಅದೇ ಬುಲೆಟಿನ್‌ನಾಗ, ಅದೇ ಹೊತ್ತಿಗಿ ಬಿಡುಗಡೆನೂ ತೋರಿಸ್ಬೇಕು. ಯೂಟ್ಯೂಬ್‌ನಾಗಿರೋ ಹಳೇ ವಿಡಿಯೋ ತೆಗೀಬೇಕು, ಇಲ್ಲಾ ಟೈಟಲ್‌ನಾಗೇ "ಈ ಕೇಸ್ ರದ್ದಾಗಿದೆ" ಅಂತ ಹಾಕ್ಬೇಕು. ಮೊದ್ಲು ಕೇಬಲ್ ಸುದ್ದಿ ರಾತ್ರಿಗಿ ಮುಗೀತಿತ್ತು, ಈಗ ಹುಡುಗನ ಹೆಸರು ಹೊಡದ್ರ ಐದು ವರ್ಷದ ಹಿಂದಿಂದೂ ಮ್ಯಾಲ ಬರ್ತದ, ಕನ್ಯಾ ಕೊಡೋರು ಮೊದ್ಲು ಅದನ್ನೇ ನೋಡ್ತಾರ.

ತಪ್ಪೆಲ್ಲಾ ರಿಪೋರ್ಟರ್‌ದಾ?

ಅರ್ಧ ಮಾತ್ರ. ತಾಲೂಕಿನ ಸ್ಟ್ರಿಂಗರ್‌ಗಿ ಭಾಳ ಕಡಿ ಪಗಾರ ಇರಂಗಿಲ್ಲ, ಸ್ಟೋರಿಗಿಷ್ಟು ಅಂತ ಕೊಡ್ತಾರ, ಅದೂ ಲೇಟಾಗಿ. ಸಾಲಿ ಛಾವಣಿ ಸೋರ್ತದ ಅಂತ ಕಳಿಸಿದ್ರ ಡೆಸ್ಕ್ ತಗೊಳ್ಳಲ್ಲ, ಖೂನಿ ಕಳಿಸಿದ್ರ ತಗೋತದ, ಅವನೂ ಮನಿ ನಡಸ್ಬೇಕಲ್ಲ. ಪೊಲೀಸರ ಕೂಡ ಚಂದ ಇರ್ಬೇಕು ಇಲ್ಲಾಂದ್ರ ನಾಳಿ ಸುದ್ದಿ ಸಿಗಂಗಿಲ್ಲ. ಬ್ಲರ್ ಮಾಡೋ ಕೆಲಸ ಅವಂದಲ್ಲ, ಎಡಿಟರ್‌ದು, ಮಾಲಕರದು.

ಹಂಗಾದ್ರ ಕ್ರೈಂ ಸುದ್ದಿ ಬಂದ್ ಮಾಡ್ಬೇಕೇನು?

ಛೇ, ಬಂದ್ ಮಾಡಿದ್ರ ಖುಷಿ ಆಗೋರು ಬ್ಯಾರೇನೇ ಅದಾರ. ಲಾಕಪ್ ಸಾವು, ಮೀಟರ್ ಬಡ್ಡಿ, ಮಟ್ಕಾ, ದೇವದಾಸಿ ಹೆಸರಿನ್ಯಾಗ ನಡ್ಯೋದು, ಬಾಲ್ಯವಿವಾಹ, ಇವು ಟಿವ್ಯಾಗ ಬರದಿದ್ರ ಠಾಣಾದಾಗ ಎಫ್‌ಐಆರ್ ಕೂಡ ಆಗಂಗಿಲ್ಲ ಎಷ್ಟೋ ಸಲ. ಲೋಕಲ್ ಚಾನೆಲ್ ಇದ್ದದ್ದಕ್ಕೇ ನ್ಯಾಯ ಸಿಕ್ಕವ್ರು ಅದಾರ. ಕಮ್ಮಿ ತಾಕತ್ತಿನವ್ರ ಮುಖ ತೋರಿಸೋದು ಸುಲಭ, ಜಾಸ್ತಿ ತಾಕತ್ತಿನವ್ರ ಹೆಸರು ಹೇಳೋದು ಕಷ್ಟ, ನಾವು ಸುಲಭದ್ದು ಆರಿಸ್ಕೊಂಡೀವಿ ಅನ್ನೋದಷ್ಟೇ ನನ್ನ ತಕರಾರು.

ನಮ್ಮ ಮನಿ ಸುದ್ದಿ ಹಿಂಗ ಹಾಕಿದ್ರ ಎಲ್ಲಿ ದೂರು ಕೊಡ್ಬೇಕು?

ಮೊದ್ಲು ಸಾಕ್ಷಿ ಉಳಿಸ್ರಿ. ಟಿವಿ ಸ್ಕ್ರೀನ್‌ನೇ ಮೊಬೈಲ್‌ನಾಗ ರೆಕಾರ್ಡ್ ಮಾಡ್ರಿ, ಯೂಟ್ಯೂಬ್ ಲಿಂಕ್ ಕಾಪಿ ಮಾಡಿ ಸ್ಕ್ರೀನ್‌ಶಾಟ್ ಹೊಡೀರಿ, ತಾರೀಖು ಟೈಮ್ ಬರ್ಕೊಳ್ರಿ, ಗಲಾಟೆ ಆದ ಮ್ಯಾಲ ಅವ್ರು ಡಿಲೀಟ್ ಮಾಡ್ತಾರ.

ಪ್ರೆಸ್ ಕೌನ್ಸಿಲ್‌ಗಿ ಹೋಗಬ್ಯಾಡ್ರಿ, ಅದು ಪೇಪರ್‌ಗಿ, ಟಿವಿ ಅವರ ಕೈಯಾಗಿಲ್ಲ. ಸ್ಯಾಟಲೈಟ್ ಚಾನೆಲ್ ಆದ್ರ 2021ರ ಕೇಬಲ್ ಟಿವಿ ನಿಯಮದ ಪ್ರಕಾರ ಮೊದ್ಲು ಚಾನೆಲ್‌ನ ದೂರು ಅಧಿಕಾರಿಗಿ ಬರೀರಿ, 24 ತಾಸಿನಾಗ ದೂರು ಮುಟ್ಟಿತು ಅಂತ ಹೇಳ್ಬೇಕು, 15 ದಿನದಾಗ ಉತ್ತರ ಕೊಡ್ಬೇಕು. ಕೊಡ್ಲಿಲ್ಲ, ಇಲ್ಲಾ ಸಮಾಧಾನ ಆಗ್ಲಿಲ್ಲ ಅಂದ್ರ ಆ ಚಾನೆಲ್ ಯಾವ ಸ್ವಯಂ ನಿಯಂತ್ರಣ ಸಂಸ್ಥೆ ಮೆಂಬರ್ ಅದ ಅಲ್ಲಿಗಿ ಹೋಗ್ರಿ, ಭಾಳ ನ್ಯೂಸ್ ಚಾನೆಲ್‌ಗಳಿಗಿ ಅದು ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ). 2023ರಾಗ ಅವರ ದಂಡ 1 ಲಕ್ಷ ಮಾತ್ರ ಇತ್ತು, ಇಷ್ಟಕ್ಕ ಯಾರು ಹೆದರ್ತಾರ ಅಂತ ಆವಾಗ ಸುಪ್ರೀಂ ಕೋರ್ಟೇ ಕೇಳಿತ್ತು, ಆದ್ರೂ ವಿಡಿಯೋ ತೆಗಸ್ಲಾಕ ಆಗ್ತದ.

ಊರಿನ ಕೇಬಲ್ ಚಾನೆಲ್ ಆದ್ರ ನೇರ ಡಿಸಿ ಆಫೀಸಿಗಿ ಅರ್ಜಿ ಕೊಡ್ರಿ, ಕೇಬಲ್ ಕಾಯ್ದ್ಯಾಗ ಜಿಲ್ಲಾಧಿಕಾರಿಗಿ ಅಧಿಕಾರ ಅದ, ಕಲಬುರಗಿ ಸಿಟಿಯವ್ರಿಗಿ ಪೊಲೀಸ್ ಕಮಿಷನರೂ ಅದಾರ. ಬರೇ ಯೂಟ್ಯೂಬ್ ಚಾನೆಲ್ ಆದ್ರ 2021ರ ಐಟಿ ನಿಯಮ, ಅಲ್ಲೂ ಮೊದ್ಲು ಅವರಿಗೇ ದೂರು, 15 ದಿನ.

ಅತ್ಯಾಚಾರ ಕೇಸಿನ ಹೆಣ್ಮಗಳ ಗುರುತೋ, ಮಗುವಿನ ಗುರುತೋ ಹೊರಗ ಬಿದ್ದಿದ್ರ ಇದ್ಯಾವ ಸುತ್ತಾಟನೂ ಬ್ಯಾಡ, ಸೀದಾ ಠಾಣಾಕ್ಕ ಹೋಗಿ ಎಫ್‌ಐಆರ್ ಮಾಡಿಸ್ರಿ. ಮಗು ಆಗಿದ್ರ 1098ಕ್ಕೂ ಫೋನ್ ಹಚ್ರಿ. ಠಾಣಾದಾಗ "ಚಾನೆಲ್‌ನವ್ರ ಕೂಡ ಯಾಕ ಜಗಳ" ಅಂತ ಸಮಾಧಾನ ಮಾಡಿ ಕಳಿಸ್ಲಾಕ ನೋಡ್ತಾರ, ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಎದ್ದು ಬರಬ್ಯಾಡ್ರಿ.